ಎಷ್ಟಕ್ಕೆ ಕೂಗಬೇಕು?

ಊರು ಬಿಟ್ಟು ಬಂದು ಬಾಡಿಗೆ ರೂಮಿನಲ್ಲಿ ಮೊದಲ ಸಲ ಒಲೆ ಹಚ್ಚಿದ ದಿನ ಅಮ್ಮ ಅರಸೀಕೆರೆಯಿಂದ ಫೋನಿನಲ್ಲಿ ಪಾಠ ಹೇಳಿದ್ದಳು. "ಅನ್ನಕ್ಕೆ ಮೂರು ಕೂಗು, ಬೇಳೆಗೆ ನಾಲ್ಕು. ಆಮೇಲೆ ಆಫ್ ಮಾಡು. ಮಧ್ಯದಲ್ಲಿ ವೆಯ್ಟ್ ಎತ್ತೋಕೆ ಹೋಗ್ಬೇಡ." ಅಮ್ಮನಿಗೆ ಬಾರ್, ಪಿಎಸ್‌ಐ ಯಾವುದೂ ಗೊತ್ತಿಲ್ಲ. ಆದರೆ ಅವಳ ಮಾತಿನಲ್ಲಿ ಮೂರು ವಿಷಯ ಇದ್ದವು: ಯಾವಾಗ ಕೂಗುತ್ತದೆ, ಕೂಗಿದಾಗ ನಾನೇನು ಮಾಡಬೇಕು, ಯಾವುದನ್ನು ಮುಟ್ಟಬಾರದು. ನಾನು ಕಳೆದ ಹದಿನಾಲ್ಕು ವರ್ಷಗಳಿಂದ ಈ ಮುಂಬೈ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಮಾಡುತ್ತಿರುವ ಕೆಲಸವೂ ಅಷ್ಟೇ.

ನನ್ನ ಕೆಲಸ ಇನ್‌ಸ್ಟ್ರುಮೆಂಟೇಶನ್. ಪ್ಯಾನೆಲ್ ಬಾಗಿಲಿನಲ್ಲಿ ಕೆಂಪಗೆ ಹೊಳೆಯುವ ನಾಲ್ಕು ಅಂಕಿಯ ಒಂದು ಪೆಟ್ಟಿಗೆ ಇರುತ್ತದೆ, ಅಂಗೈ ಅಗಲದ್ದು. ಅದೇ ಪ್ರೊಸೆಸ್ ಇಂಡಿಕೇಟರ್. ಟ್ಯಾಂಕಿನ ಮಟ್ಟ, ಪೈಪಿನ ಒತ್ತಡ, ರಿಯಾಕ್ಟರಿನ ಉಷ್ಣತೆ ಇವುಗಳಲ್ಲಿ ಒಂದನ್ನು ತೋರಿಸುವುದು, ಅದು ಗಡಿ ದಾಟಿದರೆ ರಿಲೇ ಎಳೆದು ಹೂಟರ್ ಕೂಗಿಸುವುದು ಅದರ ಕೆಲಸ. ಹೊಸದನ್ನು ಕೂರಿಸಿದಾಗ ಮೆನುವಿಗೆ ಹೋಗಿ ಹತ್ತು ಹನ್ನೆರಡು ಪ್ರಶ್ನೆಗಳಿಗೆ ಉತ್ತರ ತುಂಬಬೇಕು. ಒಳಗೆ ಬರುವ ಸಿಗ್ನಲ್ ಯಾವುದು? ಸ್ಕೇಲ್ ಎಷ್ಟು? ಅಲಾರಂ ಎಷ್ಟಕ್ಕೆ? ಕೂಗಿದ್ದು ಎಷ್ಟಕ್ಕೆ ನಿಲ್ಲಬೇಕು? ಎಷ್ಟು ಸೆಕೆಂಡು ಕಾಯಬೇಕು? ಬೀಗ ಹಾಕಬೇಕೋ ಬೇಡವೋ? ಅರ್ಧ ಗಂಟೆಯ ಕೆಲಸ. ಆದರೆ ಈ ಒಂದೊಂದು ಪ್ರಶ್ನೆಯ ಹಿಂದೆಯೂ ಯಾರೋ ಎಲ್ಲೋ ಪ್ರಾಣ ತೆತ್ತ ಕಥೆ ಇದೆ. ಹೋದ ತಿಂಗಳು ನಮ್ಮಲ್ಲಿ ನಡೆದ ಒಂದು ಸಣ್ಣ ಜಗಳ ಅದನ್ನೆಲ್ಲ ಮತ್ತೆ ನೆನಪಿಸಿತು. ಜಗಳಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಥೆ.

ಕುಕ್ಕರಿನ ಮೂಲಪುರುಷ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ. 1679ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮೂಳೆಯನ್ನೂ ಬೇಯಿಸಿ ಮೆತ್ತಗೆ ಮಾಡುವ ಬಿಗಿ ಮುಚ್ಚಳದ ಪಾತ್ರೆಯೊಂದನ್ನು ತೋರಿಸಿದ. ಪಾತ್ರೆ ಸಿಡಿಯಬಾರದಲ್ಲ, ಅದಕ್ಕಾಗಿ ಮುಚ್ಚಳದ ತೂತಿನ ಮೇಲೆ ಒಂದು ಸನ್ನೆಗೋಲು, ಅದರ ತುದಿಗೆ ತೂಕ. ಒಳಗಿನ ಒತ್ತಡ ತೂಕವನ್ನು ಮೀರಿದರೆ ಆವಿ ಹೊರಗೆ ಹೋಗುತ್ತದೆ. ತೂಕವನ್ನು ಕೋಲಿನ ಮೇಲೆ ಆಚೀಚೆ ಸರಿಸಿದರೆ ಗಡಿ ಬದಲಾಗುತ್ತದೆ. ನಾವು ಇಂದು ಸೆಟ್ ಪಾಯಿಂಟ್ ಎನ್ನುವುದು ಇದನ್ನೇ. ಅಂಕಿ ಇರಲಿಲ್ಲ, ತೂಕ ಇತ್ತು, ಅಷ್ಟೇ ವ್ಯತ್ಯಾಸ.

ಗಡಿಯನ್ನು ಸರಿಸಬಹುದು ಎಂದಾದಾಗ ಯಾರು ಸರಿಸಬೇಕು ಎಂಬ ಪ್ರಶ್ನೆ ಹುಟ್ಟಲೇಬೇಕು. ಅದಕ್ಕೆ ಉತ್ತರ ಸಿಕ್ಕಿದ್ದು 1803ರಲ್ಲಿ, ಲಂಡನ್ ಪಕ್ಕದ ಗ್ರೀನಿಚ್‌ನಲ್ಲಿ. ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರ್ ಆಗ ಹೆಚ್ಚು ಒತ್ತಡದ ಉಗಿಯಂತ್ರಗಳನ್ನು ಕಟ್ಟುತ್ತಿದ್ದ. ಗ್ರೀನಿಚ್‌ನಲ್ಲಿ ನೀರೆತ್ತಲು ಇಟ್ಟಿದ್ದ ಅಂಥ ಒಂದು ಯಂತ್ರವನ್ನು ನೋಡಿಕೊಳ್ಳಲು ನೇಮಿಸಿದ್ದವನು ಒಬ್ಬ ಹುಡುಗ. ಅವನು ಅಡಿಪಾಯದ ಗುಂಡಿಯಲ್ಲಿ ಹಾವುಮೀನು ಹಿಡಿಯಲು ಹೋದ. ಯಂತ್ರವನ್ನು ಒಬ್ಬ ಕೂಲಿಯವನ ಕೈಗೆ ಬಿಟ್ಟಿದ್ದ. ಯಂತ್ರ ಎಂದಿಗಿಂತ ಜೋರಾಗಿ ಓಡುತ್ತಿರುವುದನ್ನು ಕಂಡು ಆ ಕೂಲಿಯವನು ಅದನ್ನು ನಿಲ್ಲಿಸಿದ. ಆದರೆ ಸೇಫ್ಟಿ ವಾಲ್ವಿನ ಕೋಲು ಮೇಲೇಳದಂತೆ ಸಿಕ್ಕಿಸಿದ್ದ ಸ್ಪ್ಯಾನರ್ ತೆಗೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಯಂತ್ರ ನಿಂತಿತು, ಬೆಂಕಿ ಉರಿಯುತ್ತಲೇ ಇತ್ತು, ಉಗಿಗೆ ಹೋಗಲು ದಾರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಯ್ಲರ್ ಸಿಡಿಯಿತು. ಮೂವರು ಅಲ್ಲೇ ಸತ್ತರು, ಇನ್ನೊಬ್ಬ ಗಾಯದಿಂದ ಆಮೇಲೆ ಸತ್ತ. ಸ್ಪ್ಯಾನರ್ ತೆಗೆಯಲು ಹುಡುಗ ವಾಪಸ್ಸು ಬಂದಿದ್ದೂ ಅದೇ ಗಳಿಗೆಯಲ್ಲಿ. ಅವನಿಗೂ ಪೆಟ್ಟಾಯಿತು, ಬದುಕಿದ.

ಟ್ರೆವಿಥಿಕ್ ತಪ್ಪನ್ನು ಯಂತ್ರದ ಮೇಲೆ ಹಾಕಲಿಲ್ಲ, ನಡೆಸುವವರ ಅಜಾಗರೂಕತೆ ಎಂದ. ಹಾಗೆ ಹೇಳಿದರೂ ಯಂತ್ರವನ್ನು ಮಾತ್ರ ಬದಲಿಸಿದ. ಒಂದರ ಬದಲು ಎರಡು ಸೇಫ್ಟಿ ವಾಲ್ವ್ ಇಟ್ಟ. ಅವುಗಳಲ್ಲಿ ಒಂದನ್ನು ಮಾತ್ರ ನಡೆಸುವವನು ಮುಟ್ಟಬಹುದಿತ್ತು, ಇನ್ನೊಂದು ಅವನ ಕೈಗೆ ಸಿಗುತ್ತಿರಲಿಲ್ಲ. ಜೊತೆಗೆ ಬಾಯ್ಲರಿನಲ್ಲಿ ನೀರು ಇರಲೇಬೇಕಾದ ಕನಿಷ್ಠ ಮಟ್ಟದ ಸ್ವಲ್ಪ ಕೆಳಗೆ ಒಂದು ಸೀಸದ ಬಿರಡೆ ಇಟ್ಟ. ನೀರು ಇಳಿದು ಬಿರಡೆ ಬರಿದಾದರೆ ಸೀಸ ಕರಗುತ್ತದೆ, ಉಗಿ ಬುಸ್ಸೆಂದು ಹೊರಬರುತ್ತದೆ. ಆ ಸದ್ದೇ ಅಲಾರಂ. ನನ್ನ ಇಂಡಿಕೇಟರಿನ ಮೆನುವಿನಲ್ಲಿ ಎರಡು ಹಂತದ ಪಾಸ್‌ವರ್ಡ್ ಇದೆ. ಒಂದು ಆಪರೇಟರಿಗೆ, ಇನ್ನೊಂದು ಎಂಜಿನಿಯರಿಗೆ. ಅದನ್ನು ಹಾಕುವಾಗಲೆಲ್ಲ ನನಗೆ ಹಾವುಮೀನು ಹಿಡಿಯಲು ಹೋದ ಆ ಹುಡುಗ ನೆನಪಾಗುತ್ತಾನೆ.

ತೂಕ ಗಡಿಯನ್ನು ಕಾಯುತ್ತದೆ, ಸರಿ. ಆದರೆ ಈಗ ಎಷ್ಟಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವ ಅಗ್ಗದ, ಗಟ್ಟಿಯಾದ ಉಪಕರಣ ಸಿಕ್ಕಿದ್ದು 1849ರಲ್ಲಿ. ಪ್ಯಾರಿಸ್ಸಿನ ಯೂಜಿನ್ ಬೂರ್ಡೋನ್ ಅದರ ಪೇಟೆಂಟ್ ಪಡೆದ. ಉಗಿಯಂತ್ರಕ್ಕಾಗಿ ಮಾಡುತ್ತಿದ್ದ ಸುರುಳಿ ಕೊಳವೆಯೊಂದು ಚಪ್ಪಟೆಯಾಗಿಬಿಟ್ಟಿತ್ತು. ಅದನ್ನು ಉಬ್ಬಿಸಿ ಸರಿಮಾಡಲು ಒಂದು ತುದಿ ಮುಚ್ಚಿ ಒಳಗೆ ನೀರನ್ನು ಒತ್ತಿದಾಗ ಸುರುಳಿ ತಾನಾಗಿ ಬಿಚ್ಚಿಕೊಳ್ಳತೊಡಗಿತು. ಎಷ್ಟು ಒತ್ತಡವೋ ಅಷ್ಟು ಬಿಚ್ಚಿಕೊಳ್ಳುತ್ತದೆ. ಆ ತುದಿಗೆ ಮುಳ್ಳು ಕಟ್ಟಿದರೆ ಗೇಜ್ ಆಯಿತು. ಇಂದಿಗೂ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ, ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿನ ಮೇಲೆ ನೀವು ನೋಡುವ ದುಂಡನೆಯ ಗೇಜಿನೊಳಗೆ ಸಾಮಾನ್ಯವಾಗಿ ಇರುವುದು ಆ ಬಾಗಿದ ಕೊಳವೆಯೇ.

ಗೇಜ್ ನೋಡಬೇಕಾದರೆ ಗೇಜಿನ ಮುಂದೆ ನಿಂತಿರಬೇಕು. ಕಾರ್ಖಾನೆಗಳು ದೊಡ್ಡವಾದಂತೆ ಅದು ಆಗದ ಮಾತಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಳತೆಯನ್ನು ದೂರದ ಕಂಟ್ರೋಲ್ ರೂಮಿಗೆ ಮೊದಲು ಗಾಳಿಯ ಒತ್ತಡವಾಗಿ, 3ರಿಂದ 15 ಪಿಎಸ್‌ಐ ಒಳಗೆ, ಕಳಿಸಿದರು. ಆಮೇಲೆ ವಿದ್ಯುತ್ತಾಗಿ, 4ರಿಂದ 20 ಮಿಲಿಆಂಪಿಯರ್ ಒಳಗೆ. ಕೆಲಸಕ್ಕೆ ಸೇರಿದ ಪ್ರತಿ ಟ್ರೇನಿಯೂ ಕೇಳುವ ಪ್ರಶ್ನೆ: ಸೊನ್ನೆಯಿಂದ ಯಾಕೆ ಶುರು ಮಾಡಲಿಲ್ಲ? ಯಾಕೆಂದರೆ ಸೊನ್ನೆಯಿಂದ ಶುರುವಾದರೆ, ಖಾಲಿ ಟ್ಯಾಂಕಿಗೂ ಇಲಿ ಕಡಿದ ವೈರಿಗೂ ವ್ಯತ್ಯಾಸ ತಿಳಿಯುವುದಿಲ್ಲ. 4 ಬಂದರೆ "ಟ್ಯಾಂಕಿನಲ್ಲಿ ಏನೂ ಇಲ್ಲ, ಆದರೆ ನಾನಿದ್ದೇನೆ" ಎಂದರ್ಥ. 0 ಬಂದರೆ ಹೇಳುವವನೇ ಇಲ್ಲ ಎಂದರ್ಥ. ದಿನಾ ಸಂಜೆ ಮನೆಗೆ ಫೋನ್ ಮಾಡಿ "ಏನೂ ವಿಶೇಷ ಇಲ್ಲಮ್ಮ" ಅನ್ನುತ್ತೇವಲ್ಲ, ಅದು 4 ಮಿಲಿಆಂಪಿಯರ್. ಫೋನೇ ಬರದಿದ್ದರೆ ಅಮ್ಮನಿಗೆ ಗಾಬರಿ.

ಇದೇ ಬುದ್ಧಿಯನ್ನು ರೈಲ್ವೆಯವರು ಮೊದಲೇ ಕಂಡುಕೊಂಡಿದ್ದರು. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಮಾಡಿದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿ ಖಾಲಿ ಇದ್ದಾಗ ಕರೆಂಟ್ ಹರಿಯುತ್ತಿರುತ್ತದೆ. ರೈಲು ಬಂದರೆ ಅದು ರಿಲೇಗೆ ತಲುಪದೆ ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ, ವೈರ್ ತುಂಡಾದರೂ ಕೆಂಪೇ. ಕೆಟ್ಟುಹೋದರೂ ಅಪಾಯವಿಲ್ಲದ ಕಡೆಗೇ ಕೆಡಬೇಕು, ಇದು ತತ್ತ್ವ. ಇಂಡಿಕೇಟರಿನ ಮೆನುವಿನಲ್ಲಿ ರಿಲೇಗೆ 'ಫೇಲ್ ಸೇಫ್' ಎಂದು ಒತ್ತಿದಾಗ ನಡೆಯುವುದೂ ಇದೇ. ಎಲ್ಲ ಚೆನ್ನಾಗಿದ್ದಾಗ ರಿಲೇ ಎಳೆದುಕೊಂಡಿರುತ್ತದೆ. ಅಲಾರಂ ಬಂದರೂ, ಕರೆಂಟ್ ಹೋದರೂ ಬಿಟ್ಟುಬಿಡುತ್ತದೆ.

ಇಷ್ಟಾದ ಮೇಲೂ ಅಂಕಿ ಸುಳ್ಳು ಹೇಳಬಹುದು. 4ರಿಂದ 20 ಎಂಬುದು ಬರೀ ಭಾಷೆ. ಅದರ ಅರ್ಥವನ್ನು ನಾವು ತುಂಬಬೇಕು. ಟ್ರಾನ್ಸ್‌ಮಿಟರ್ 0ರಿಂದ 10 ಬಾರ್‌ನದ್ದಾದರೆ 12 ಮಿಲಿಆಂಪಿಯರ್ ಅಂದರೆ 5 ಬಾರ್. ಇಂಡಿಕೇಟರಿನಲ್ಲಿ ನಾನು ತಪ್ಪಾಗಿ 0ರಿಂದ 6 ಎಂದು ತುಂಬಿದರೆ ಅದೇ 12 ಮಿಲಿಆಂಪಿಯರಿಗೆ 3 ಎಂದು ತೋರಿಸುತ್ತದೆ. ಅಂಕಿ ಅಲುಗಾಡುವುದಿಲ್ಲ, ಕೆಂಪಗೆ, ಸ್ಪಷ್ಟವಾಗಿ, ಧೈರ್ಯವಾಗಿ ಸುಳ್ಳು ಹೇಳುತ್ತದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ರಿಫೈನರಿಯಲ್ಲಿ ಇಂಥದ್ದೇ ಆಯಿತು. 170 ಅಡಿ ಎತ್ತರದ ಗೋಪುರವೊಂದನ್ನು ಶುರು ಮಾಡುತ್ತಿದ್ದರು. ಮಟ್ಟ ಅಳೆಯುವ ಟ್ರಾನ್ಸ್‌ಮಿಟರ್ ನೋಡಬಲ್ಲದ್ದು ತಳದ ಹತ್ತು ಅಡಿಯಷ್ಟನ್ನೇ. ಅದರ ಕ್ಯಾಲಿಬ್ರೇಶನ್ ಕೂಡ ಹಿಂದೆ ಎಂದೋ ಬೇರೆ ಸಾಂದ್ರತೆಯ ದ್ರವಕ್ಕೆಂದು ಬರೆದಿಟ್ಟ ಹಳೆಯ ಹಾಳೆಯದ್ದು. ಮೊದಲ ಮಟ್ಟದ ಅಲಾರಂ ಬೆಳಗಿನ ಜಾವವೇ ಕೂಗಿತ್ತು. ಶುರು ಮಾಡುವಾಗ ಅದು ಕೂಗುವುದು ಅಲ್ಲಿ ರೂಢಿ. ಎರಡನೆಯ ಅಲಾರಂ ಕೆಟ್ಟಿತ್ತು, ಕೂಗಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಪುರದಲ್ಲಿ ದ್ರವ 158 ಅಡಿ ಏರಿತ್ತು. ಪರದೆ ತೋರಿಸುತ್ತಿದ್ದದ್ದು 7.9 ಅಡಿ, ಅದೂ ನಿಧಾನವಾಗಿ ಇಳಿಯುತ್ತಿರುವಂತೆ. ತುಂಬಿ ಉಕ್ಕಿದ ದ್ರವ ಹೊರಬಂದು ಆವಿಯಾಗಿ ಬೆಂಕಿ ಹತ್ತಿಕೊಂಡಿತು. 15 ಜನ ಸತ್ತರು, 180 ಜನ ಗಾಯಗೊಂಡರು.

ಇನ್ನೊಂದು ಬಗೆಯ ಸುಳ್ಳೂ ಇದೆ. 1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕು ಗಂಟೆ, ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರ. ಒತ್ತಡ ಇಳಿಸಲು ತೆರೆದುಕೊಂಡ ವಾಲ್ವ್ ಮತ್ತೆ ಮುಚ್ಚಿಕೊಳ್ಳಲಿಲ್ಲ, ಸಿಕ್ಕಿಹಾಕಿಕೊಂಡಿತು. ಪ್ಯಾನೆಲ್ಲಿನ ದೀಪ ಮಾತ್ರ ಆರಿತು. ಆ ದೀಪ ತೋರಿಸುತ್ತಿದ್ದದ್ದು ವಾಲ್ವಿನ ಸ್ಥಿತಿಯನ್ನಲ್ಲ, ವಾಲ್ವಿಗೆ ಹೋದ ಆಜ್ಞೆಯನ್ನು. "ಮುಚ್ಚು ಅಂದಿದ್ದೇನೆ" ಎಂಬುದನ್ನು ಆಪರೇಟರುಗಳು "ಮುಚ್ಚಿದೆ" ಎಂದು ಓದಿದರು. ಆ ವಾಲ್ವಿನ ಹಿಂದಿನ ಪೈಪು ಬಿಸಿಯಾಗಿದ್ದದ್ದು ಕಂಡಿತ್ತು. ಆದರೆ ವಾಲ್ವ್ ಮೊದಲಿನಿಂದಲೂ ಸೋರುತ್ತಿತ್ತು, ಪೈಪ್ ಯಾವಾಗಲೂ ಬಿಸಿಯೇ. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕಿಂತ ಹೆಚ್ಚು ಅಲಾರಂ ಕೂಗಿದವು. ಮುಖ್ಯವಾದದ್ದು ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸುವ ವ್ಯವಸ್ಥೆ ಇರಲಿಲ್ಲ. ಅಲಾರಂಗಳನ್ನು ದಾಖಲಿಸುವ ಪ್ರಿಂಟರ್ ಬಹಳ ಹಿಂದೆ ಬಿದ್ದು, ಆಗಲೇ ಮುಗಿದುಹೋದ ಸುದ್ದಿಯನ್ನು ಮುದ್ರಿಸುತ್ತಿತ್ತು. ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷದ ನಂತರ ಆ ದಾರಿಯ ಇನ್ನೊಂದು ವಾಲ್ವ್ ಮುಚ್ಚಿದರು. ಅಷ್ಟರಲ್ಲಿ ರಿಯಾಕ್ಟರಿನ ತಿರುಳು ಕರಗತೊಡಗಿತ್ತು.

ಈಗ ನಮ್ಮ ಮನೆಯ ಕಥೆ. ಭೋಪಾಲ್, 1984ರ ಡಿಸೆಂಬರ್ 2ರ ರಾತ್ರಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಲ್ಲಿ ಸುಮಾರು ನಲವತ್ತು ಟನ್ ಮಿಥೈಲ್ ಐಸೊಸಯನೇಟ್ ಇತ್ತು. ಅದನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗೆ ಇಡಬೇಕು. ಉಷ್ಣತೆ 11 ಡಿಗ್ರಿ ದಾಟಿದರೆ ಕೂಗಲೆಂದು ಅಲಾರಂ ಇಟ್ಟಿದ್ದರು. ಆದರೆ ತಣ್ಣಗಿಡುವ ಯಂತ್ರವನ್ನೇ ಆ ವರ್ಷ ಜೂನ್‌ನಲ್ಲಿ ನಿಲ್ಲಿಸಿದ್ದರು. ಅಲ್ಲಿಂದ ಮುಂದೆ ಟ್ಯಾಂಕ್ ದಿನಾಲೂ ಆ ಗಡಿಗಿಂತ ಬೆಚ್ಚಗೇ ಇತ್ತು. ಯಾವಾಗಲೂ ದಾಟಿರುವ ಗಡಿ ಗಡಿಯಲ್ಲ. ಆ ಅಲಾರಂಗೆ ಹೇಳಲು ಏನೂ ಉಳಿದಿರಲಿಲ್ಲ.

ಉಳಿದದ್ದು ಒತ್ತಡದ ಮುಳ್ಳು. ರಾತ್ರಿ ಹತ್ತೂಕಾಲರ ಹೊತ್ತಿಗೆ ಅದು 2 ಪಿಎಸ್‌ಐ ತೋರಿಸುತ್ತಿತ್ತು. ಹತ್ತೂಮುಕ್ಕಾಲಿಗೆ ಶಿಫ್ಟ್ ಬದಲಾಯಿತು. ಹನ್ನೊಂದಕ್ಕೆ ಹೊಸ ಆಪರೇಟರ್ ನೋಡಿದಾಗ 10. ಅರ್ಧ ಗಂಟೆಗೆ ಮೊದಲು ಎರಡಿದ್ದದ್ದು ಹತ್ತಾಗಿದೆ ಎಂದು ತಿಳಿದಿದ್ದರೆ ಎದೆ ಝಲ್ಲೆನ್ನುತ್ತಿತ್ತು. ಆದರೆ ಬರೀ ಹತ್ತು ಎಂಬುದು ಗಾಬರಿಯ ಅಂಕಿಯಲ್ಲ. 2ರಿಂದ 25ರವರೆಗೆ ಅಲ್ಲಿ ಮಾಮೂಲಿ. ಮೇಲಾಗಿ ಅಲ್ಲಿನ ಗೇಜುಗಳನ್ನು ನಂಬುವ ಅಭ್ಯಾಸವೇ ಹೋಗಿತ್ತು. ನಡುರಾತ್ರಿ ಕಳೆದು ಅರ್ಧ ಗಂಟೆಯ ಹೊತ್ತಿಗೆ ಮುಳ್ಳು 55ನ್ನು ಮುಟ್ಟಿ ಸ್ಕೇಲನ್ನೇ ಮೀರಿತು. ಅನಿಲ ಊರಿನ ಮೇಲೆ ಹರಿಯಿತು. ಊರಿಗೆ ಕೇಳುವ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತಿತು. ಕಾರ್ಖಾನೆಯೊಳಗಿನ ಸೈರನ್ ಮಾತ್ರ ಮುಂದುವರಿಯಿತು. ಮತ್ತೆ ಊರಿಗಾಗಿ ಅದು ಕೂಗಿದ್ದು ಎರಡು ಗಂಟೆಯ ಸುಮಾರಿಗೆ. ಅಷ್ಟರಲ್ಲಿ ಜನ ಕತ್ತಲೆಯಲ್ಲಿ ಯಾವ ದಿಕ್ಕಿಗೆಂದು ತಿಳಿಯದೆ ಓಡುತ್ತಿದ್ದರು. ಸಾವಿರಾರು ಜನ ಸತ್ತರು. ಇನ್ನೂ ಎಷ್ಟೋ ಜನ ಆ ರಾತ್ರಿಯನ್ನು ಕಣ್ಣಲ್ಲಿ, ಪುಪ್ಪುಸದಲ್ಲಿ ಹೊತ್ತುಕೊಂಡೇ ಬದುಕಿದರು.

ಆ ಸಾವುಗಳಿಂದ ನಮ್ಮ ದೇಶದಲ್ಲಿ ಕಾನೂನು ಬದಲಾಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಪ್ರಕ್ರಿಯೆಗಳಿಗೆಂದೇ ಒಂದು ಹೊಸ ಅಧ್ಯಾಯ ಸೇರಿತು. ಅದರ 41ಎಚ್ ಕಲಮು ಒಂದು ಹಕ್ಕನ್ನು ಹೇಳಿತು: ಅಪಾಯ ಹತ್ತಿರದಲ್ಲಿದೆ ಎಂದು ಅನ್ನಿಸಿದರೆ ಅದನ್ನು ಆಡಳಿತದ ಗಮನಕ್ಕೆ ತರುವ ಹಕ್ಕು ಕಾರ್ಮಿಕನಿಗೆ ಇದೆ. ಕೂಗುವ ಹಕ್ಕು ಯಂತ್ರಕ್ಕಷ್ಟೇ ಅಲ್ಲ, ಮನುಷ್ಯನಿಗೂ ಇದೆ ಎಂದು ಕಾನೂನಿನಲ್ಲಿ ಬರೆಯಬೇಕಾಯಿತು.

ಕಂಪ್ಯೂಟರ್ ಬಂದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಹಿಂದೆ ಒಂದು ಅಲಾರಂ ಇಡಬೇಕಾದರೆ ಒಂದು ದೀಪ, ಒಂದು ರಿಲೇ, ವೈರಿಂಗ್ ಎಲ್ಲಕ್ಕೂ ದುಡ್ಡು ಬೇಕಿತ್ತು. ಹಾಗಾಗಿ ಯೋಚಿಸಿ ಇಡುತ್ತಿದ್ದರು. ಕಂಪ್ಯೂಟರಿನಲ್ಲಿ ಅಲಾರಂ ಪುಕ್ಕಟೆ. ಎಲ್ಲದಕ್ಕೂ ಇಟ್ಟರು. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನ ಟೆಕ್ಸಾಕೊ ರಿಫೈನರಿಯಲ್ಲಿ ಸಿಡಿಲಿನಿಂದ ಶುರುವಾದ ಏರುಪೇರು ಗಂಟೆಗಟ್ಟಲೆ ನಡೆದು ಸ್ಫೋಟದಲ್ಲಿ ಮುಗಿಯಿತು. ಸ್ಫೋಟಕ್ಕೆ ಮುಂಚಿನ ಹನ್ನೊಂದು ನಿಮಿಷದೊಳಗೆ ಇಬ್ಬರು ಆಪರೇಟರುಗಳ ಮುಂದೆ ಬಂದ ಅಲಾರಂಗಳು 275. ಒಂದನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು. 26 ಜನ ಗಾಯಗೊಂಡರು. ಭಾನುವಾರವಾದ್ದರಿಂದ ಒಳಗೆ ಜನ ಕಡಿಮೆ ಇದ್ದರು. 1999ರಲ್ಲಿ ಬ್ರಿಟನ್ನಿನ ಎಂಜಿನಿಯರಿಂಗ್ ಸಂಘ ಈಮುವಾ ಅಲಾರಂ ಬಗ್ಗೆ 191ನೇ ನಂಬರಿನ ಕೈಪಿಡಿ ತಂದಿತು. ಆಪರೇಟರ್ ಏನಾದರೂ ಮಾಡಬೇಕಾಗಿದ್ದರೆ ಮಾತ್ರ ಅಲಾರಂ ಇರಬೇಕು, ಮಾಮೂಲಿ ದಿನದಲ್ಲಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಬರಬಾರದು ಎಂಬ ಲೆಕ್ಕ ಅಲ್ಲಿಂದ ರೂಢಿಗೆ ಬಂತು. ಅಮೆರಿಕದ ಐಎಸ್‌ಎ 18.2 ಮಾನಕ ಬಂದದ್ದು 2009ರಲ್ಲಿ. ಎಲ್ಲದರ ಸಾರ ಅಮ್ಮನ ಮಾತೇ: ಕೂಗಿದಾಗ ಏನು ಮಾಡಬೇಕೆಂದು ಗೊತ್ತಿಲ್ಲದಿದ್ದರೆ ಆ ಕೂಗು ಯಾಕೆ?

ಇನ್ನು ಹೋದ ತಿಂಗಳ ಜಗಳ. ಒಂದು ಟ್ಯಾಂಕಿನ ಮಟ್ಟದ ಅಲಾರಂ 85 ಪರ್ಸೆಂಟಿಗೆ ಇತ್ತು. ರಾತ್ರಿ ಪಾಳಿಯಲ್ಲಿ ಅದು ಕೂಗುತ್ತದೆ, ನಿಲ್ಲುತ್ತದೆ, ಮತ್ತೆ ಕೂಗುತ್ತದೆ. ನಾನು ಹೋದಾಗ ಹೂಟರಿನ ಬಾಯಿಗೆ ಬಟ್ಟೆ ತುರುಕಿತ್ತು. ಕೇಳಿದರೆ ಆಪರೇಟರ್ ನಕ್ಕ: "ಅರೇ ಸಾಬ್, ವೋ ತೋ ರೋಜ್ ಬಜ್‌ತಾ ಹೈ." ದಿನಾ ಬಡಿದುಕೊಳ್ಳುತ್ತೆ ಬಿಡಿ ಸಾರ್ ಎಂದು. ಮೇಲಿನವರ ಸಲಹೆ ಇನ್ನೂ ಸುಲಭದ್ದು: 95ಕ್ಕೆ ಏರಿಸಿಬಿಡಿ, ಕಿರಿಕಿರಿ ತಪ್ಪುತ್ತೆ.

ಹೊಸದಾಗಿ ಕೆಲಸಕ್ಕೆ ಸೇರಿದ ಕಾಲವಾಗಿದ್ದರೆ ಏರಿಸುತ್ತಿದ್ದೆ. ಏರಿಸಿದ್ದೇನೆ ಕೂಡ. ಮೊದಲ ಕೆಲಸದಲ್ಲಿ, ಬಾಯಿ ಮಾತಿನ ಆಜ್ಞೆಗೆ ಒಂದು ಉಷ್ಣತೆಯ ಅಲಾರಂ ಮೇಲೆತ್ತಿದೆ, ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಎರಡು ವರ್ಷದ ನಂತರ ಬೇರೇನೋ ಕೆಲಸಕ್ಕೆ ಅಲ್ಲಿಗೆ ಹೋದಾಗ ಅದೇ ಅಂಕಿ ಹಾಗೇ ಇತ್ತು. ಯಾಕೆ ಇಷ್ಟಿದೆ ಎಂದು ಅಲ್ಲಿದ್ದವರನ್ನು ಕೇಳಿದೆ. "ಮೊದಲಿಂದಾನೂ ಅಷ್ಟೇ" ಅಂದರು. ಏನೂ ಅನಾಹುತ ಆಗಿರಲಿಲ್ಲ. ಆದರೂ ಆ ದಿನ ಊಟ ಸೇರಲಿಲ್ಲ. ನನ್ನ ಒಂದು ದಿನದ ಸೋಮಾರಿತನ ಅಲ್ಲಿ ನಿಯಮವಾಗಿ ಕೂತಿತ್ತು.

ಈ ಸಲ ಮೆನು ತೆರೆದು ನೋಡಿದೆ. ಹಿಸ್ಟರಿಸಿಸ್ ಸೊನ್ನೆ, ಡಿಲೇ ಸೊನ್ನೆ. ಅಂದರೆ 85.0ಕ್ಕೆ ಕೂಗಿ 84.9ಕ್ಕೆ ನಿಲ್ಲುತ್ತದೆ. ಒಳಗೆ ಕಲಕುವ ಯಂತ್ರ ತಿರುಗುವಾಗ ದ್ರವ ಅಲೆಯಾಡುತ್ತದೆ. ಅಲೆ ಎದ್ದಾಗಲೆಲ್ಲ ಒಂದು ಕೂಗು. ತಪ್ಪು ಇದ್ದದ್ದು ಗಡಿಯಲ್ಲಲ್ಲ. ಹಿಸ್ಟರಿಸಿಸ್ 3 ಪರ್ಸೆಂಟ್ ಮಾಡಿದೆ. ಈಗ 85ಕ್ಕೆ ಕೂಗಿದರೆ 82ಕ್ಕೆ ಇಳಿಯುವವರೆಗೆ ಅದು ಒಂದೇ ಅಲಾರಂ. ಐದು ಸೆಕೆಂಡು ಡಿಲೇ ಇಟ್ಟೆ. ಟ್ಯಾಂಕ್ ತುಂಬುವ ವೇಗಕ್ಕೆ ಐದು ಸೆಕೆಂಡು ಏನೇನೂ ಅಲ್ಲ ಎಂದು ಲೆಕ್ಕ ಹಾಕಿಯೇ ಇಟ್ಟೆ. 85 ಹಾಗೇ ಉಳಿಯಿತು. 85ರಿಂದ ಉಕ್ಕುವವರೆಗೆ ಆಪರೇಟರಿಗೆ ಓಡಿಹೋಗಿ ಪಂಪ್ ನಿಲ್ಲಿಸಲು ಸಮಯ ಸಿಗುತ್ತದೆ, 95ಕ್ಕೆ ಸಿಗುವುದಿಲ್ಲ ಎಂದು ಮೇಲಿನವರಿಗೆ ಕಾಗದದಲ್ಲಿ ಬರೆದುಕೊಟ್ಟೆ. ಸ್ವಲ್ಪ ಮಾತಾಯಿತು, ಆಮೇಲೆ ಸಹಿ ಬಿತ್ತು. ಏನು ಬದಲಿಸಿದೆ, ಯಾಕೆ, ಯಾವ ದಿನ ಎಂದು ರಿಜಿಸ್ಟರಿನಲ್ಲಿ ಬರೆದು ಹೆಸರು ಹಾಕಿದೆ. ಹೂಟರಿನ ಬಾಯಿಂದ ಬಟ್ಟೆಯನ್ನು ಆಪರೇಟರ್ ತಾನೇ ಎಳೆದು ತೆಗೆದ.

ಮೂರನೇ ರಾತ್ರಿ ಅದು ಒಂದೇ ಸಲ ಕೂಗಿತಂತೆ. ಅವನು ಎದ್ದು ಹೋಗಿ ನೋಡಿದನಂತೆ. ಇನ್‌ಲೆಟ್ ವಾಲ್ವ್ ನಿಜಕ್ಕೂ ಪೂರ್ತಿ ಮುಚ್ಚಿರಲಿಲ್ಲ. ಕೈಯಲ್ಲಿ ತಿರುಗಿಸಿ ಮುಚ್ಚಿ, ಬೆಳಿಗ್ಗೆ ನನಗೆ ಫೋನ್ ಮಾಡಿ ಹೇಳಿದ. ಆಗ ನಾನು ಅಡುಗೆಮನೆಯಲ್ಲಿದ್ದೆ. ಕುಕ್ಕರ್ ಎರಡನೇ ಸಲ ಕೂಗುತ್ತಿತ್ತು. ಮೂರನೆಯದಕ್ಕೆ ಕಾಯುತ್ತಾ ಅವನ ಮಾತು ಪೂರ್ತಿ ಕೇಳಿದೆ.